ಬೊಂಬಾಯಿ ದಕ್ಕೆಯಲ್ಲಿ ಸಿಡಿದ ಹಡಗು ಯಾವುದು? ದೊಡ್ಡಜ್ಜನ ಕಾರ್ಡು ಸಿಕ್ಕಿದೆ

ಕಾಪು ಕಡೆಯವ:
ಎಲ್ಲರಿಗೂ ನಮಸ್ಕಾರ. ಹಳೇ ಮನೆಯ ಹಂಚು ಬದಲಿಸಬೇಕು ಅಂತ ಅಟ್ಟ ಖಾಲಿ ಮಾಡುತ್ತಿದ್ದೆವು. ಒಂದು ತಗಡಿನ ಪೆಟ್ಟಿಗೆ ಸಿಕ್ಕಿತು. ಒಳಗೆ ನನ್ನ ದೊಡ್ಡಜ್ಜ, ಅಂದರೆ ಅಜ್ಜನ ಅಣ್ಣ, ಬೊಂಬಾಯಿಯಿಂದ ಬರೆದ ನಾಲ್ಕೈದು ಪೋಸ್ಟ್ ಕಾರ್ಡುಗಳಿವೆ. ಅವರು ಸಣ್ಣ ವಯಸ್ಸಿಗೇ ಊರು ಬಿಟ್ಟು ಮಸ್ಜಿದ್ ಬಂದರ್ ಹತ್ತಿರದ ಒಂದು ಹೋಟೆಲಿಗೆ ಲೋಟ ತೊಳೆಯಲು ಸೇರಿದವರು. 1944ರ ಮಳೆಗಾಲಕ್ಕೆ ಮುಂಚೆ ಊರಿಗೆ ವಾಪಸ್ ಬಂದರಂತೆ. ಒಂದು ಕಾಲು ಸುಟ್ಟಿತ್ತು, ಎಡಗಿವಿ ಕೇಳುತ್ತಿರಲಿಲ್ಲ. ಆಮೇಲೆ ಬೊಂಬಾಯಿ ಅಂದರೆ ಸಾಕು, ಎದ್ದು ತೋಟಕ್ಕೆ ಹೋಗುತ್ತಿದ್ದರಂತೆ.

ನಮ್ಮ ಮನೆಯಲ್ಲಿ ಹೇಳುವ ಕತೆ ಹೀಗೆ: ಜಪಾನಿನವರು ವಿಮಾನದಿಂದ ಬಾಂಬು ಹಾಕಿದರು, ದಕ್ಕೆಯಲ್ಲಿದ್ದ ಅಮೆರಿಕದ ಹಡಗು ಸಿಡಿಯಿತು, ಅದರಲ್ಲಿ ಚಿನ್ನ ಇತ್ತು, ಊರಿಡೀ ಚಿನ್ನದ ಮಳೆ ಬಂತು. ಇದರಲ್ಲಿ ಎಷ್ಟು ನಿಜ? ಹಡಗಿನ ಹೆಸರೇನು? ಎಲ್ಲಿ ಕಟ್ಟಿದ್ದು?

ಇನ್ನೊಂದು. ಕೊನೆಯ ಕಾರ್ಡಿನಲ್ಲಿ ಮಧ್ಯದ ಮೂರು ಸಾಲಿಗೆ ಯಾರೋ ದಪ್ಪಗೆ ಮಸಿ ಬಳಿದಿದ್ದಾರೆ. ದೊಡ್ಡಜ್ಜನೇ ತಪ್ಪು ಬರೆದು ಹೊಡೆದುಹಾಕಿದ್ದಾ?

ಇತಿಹಾಸ ಮೇಷ್ಟ್ರು:
ಹಡಗಿನ ಹೆಸರು ಫೋರ್ಟ್ ಸ್ಟಿಕೀನ್. ದಿನ 1944ರ ಏಪ್ರಿಲ್ 14, ಶುಕ್ರವಾರ. ಜಾಗ ವಿಕ್ಟೋರಿಯಾ ಡಾಕ್. ಜಪಾನ್ ಬಾಂಬು ಹಾಕಿಲ್ಲ. ಚಿನ್ನ ಇದ್ದದ್ದು ಮಾತ್ರ ನಿಜ.

ತರ್ಲೆ ತಿಮ್ಮಪ್ಪ:
ಮೇಷ್ಟ್ರು ಒಂದೇ ಉಸಿರಿಗೆ ಮುಗಿಸಿಬಿಟ್ಟರು. ಇನ್ನು ನಾವೇನು ಮಾತಾಡೋದು?

ಬಂದರು ಬಾಬಣ್ಣ:
ಇದು ಲಿಬರ್ಟಿ ಶಿಪ್ ಅಲ್ವಾ? ಯುದ್ಧದ ಟೈಮಲ್ಲಿ ಅಮೆರಿಕದವರು ದಿನಕ್ಕೊಂದೆರಡರಂತೆ ಕಟ್ಟಿ ಬಿಸಾಕುತ್ತಿದ್ದರಲ್ಲ, ಅದೇ. ವೆಲ್ಡಿಂಗ್ ಸರಿ ಇಲ್ಲದೆ ಎರಡು ತುಂಡಾಗುತ್ತಿದ್ದವು. ಇದೂ ಹಾಗೇ ಹೋಯಿತು ಅಂತ ಎಲ್ಲೋ ಓದಿದ್ದೆ.

ಎಂಜಿನ್ ರೂಮ್ ಭಟ್ರು:
ಬಾಬಣ್ಣ, ಎರಡೂ ತಪ್ಪು. ಲಿಬರ್ಟಿ ಅಲ್ಲ, ವೆಲ್ಡಿಂಗೂ ಕಾರಣ ಅಲ್ಲ.

ಫೋರ್ಟ್ ಸ್ಟಿಕೀನ್ ಕಟ್ಟಿದ್ದು ಕೆನಡಾದಲ್ಲಿ, 1942ರಲ್ಲಿ, ಬ್ರಿಟಿಷ್ ಕೊಲಂಬಿಯಾದ ಪ್ರಿನ್ಸ್ ರೂಪರ್ಟ್ ಎಂಬ ಬಂದರಿನಲ್ಲಿ. ಅಲಾಸ್ಕಾ ಗಡಿಯ ಪಕ್ಕ, ಮಳೆ ಬಿಡದ ಊರು. ನಾನು ಒಂದು ಸಲ ಧಾನ್ಯ ತುಂಬಿಸಿಕೊಳ್ಳಲು ಹೋಗಿದ್ದೆ, ನಮ್ಮ ಆಗುಂಬೆಗೆ ಚಳಿ ಸೇರಿಸಿದರೆ ಆ ಊರು. ಕೆನಡಾದವರು ಹೀಗೆ ಬ್ರಿಟನ್ನಿಗಾಗಿ ಸುಮಾರು 200 ಹಡಗು ಕಟ್ಟಿಕೊಟ್ಟರು. ಎಲ್ಲಕ್ಕೂ ಹಳೇ ಕೋಟೆಗಳ ಹೆಸರು, ಅದಕ್ಕೇ ಫೋರ್ಟ್. ತಮಗೇ ಇಟ್ಟುಕೊಂಡವಕ್ಕೆ ಪಾರ್ಕುಗಳ ಹೆಸರು. ಸ್ಟಿಕೀನ್ ಕೋಟೆ ಇದ್ದದ್ದು ಈಗಿನ ಅಲಾಸ್ಕಾದ ರ‍್ಯಾಂಗೆಲ್ ಊರಿನಲ್ಲಿ. ಹಡ್ಸನ್ಸ್ ಬೇ ಕಂಪನಿಯವರ ತುಪ್ಪಳದ ವ್ಯಾಪಾರದ ಠಾಣೆ ಅದು.

ನಿಮಗೆ ಲಿಬರ್ಟಿ ಅನ್ನಿಸಿದ್ದಕ್ಕೂ ಕಾರಣ ಇದೆ. ಎರಡಕ್ಕೂ ಅಜ್ಜಿ ಒಬ್ಬಳೇ. ಇಂಗ್ಲೆಂಡಿನ ಸಂಡರ್ಲೆಂಡ್ ಊರಿನ ಒಂದು ಯಾರ್ಡಿನ ನಕ್ಷೆಯನ್ನು 1940ರಲ್ಲಿ ಅಮೆರಿಕಕ್ಕೆ ಒಯ್ದರು. ಅಮೆರಿಕದವರು ಅದನ್ನು ತಿದ್ದಿ, ರಿವೆಟ್ (ಹಲಗೆ ಜೋಡಿಸುವ ದಪ್ಪ ಮೊಳೆ) ಬಿಟ್ಟು ವೆಲ್ಡಿಂಗ್ ಹಾಕಿ, ಎಣ್ಣೆ ಉರಿಸುವ ಬಾಯ್ಲರ್ ಇಟ್ಟು ಲಿಬರ್ಟಿ ಮಾಡಿದರು. ಅಂಥವು 2,710 ತಯಾರಾದವು. ಕೆನಡಾದವರು ಮೂಲಕ್ಕೆ ಹತ್ತಿರ ಇದ್ದರು. ರಿವೆಟ್ ಹೊಡೆದ ಉಕ್ಕಿನ ಹಲಗೆ, ಕಲ್ಲಿದ್ದಲು ಉರಿಸುವ ಬಾಯ್ಲರ್, ಮೂರು ಸಿಲಿಂಡರಿನ ಹಬೆ ಎಂಜಿನ್. 2,500 ಅಶ್ವಶಕ್ತಿ, ವೇಗ 11 ನಾಟ್. ಅಂದರೆ ಗಂಟೆಗೆ 20 ಕಿಲೋಮೀಟರ್. ಸೈಕಲ್ಲಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ.

ಬಂದರು ಬಾಬಣ್ಣ:
ಸರಿ ಭಟ್ರೇ, ಒಪ್ಪಿದೆ. ಆದರೆ ಲಿಬರ್ಟಿ ತುಂಡಾಗಿದ್ದು ಸುಳ್ಳಲ್ಲ.

ಎಂಜಿನ್ ರೂಮ್ ಭಟ್ರು:
ಸುಳ್ಳು ಅಂತ ನಾನೆಲ್ಲಿ ಹೇಳಿದೆ? ಕೆಲವು ತುಂಡಾದವು. ಆಗಿನ ಉಕ್ಕು ಚಳಿಗೆ ಗಾಜಿನ ಹಾಗೆ ಒಡೆಯುತ್ತಿತ್ತು. ಕೇಂಬ್ರಿಜ್‌ನ ಕಾನ್ಸ್‌ಟನ್ಸ್ ಟಿಪ್ಪರ್ ಎಂಬ ಮಹಿಳೆ ಇದನ್ನು ಕಂಡುಹಿಡಿದಳು. ತಪ್ಪು ಬರೀ ವೆಲ್ಡಿಂಗಿನದಲ್ಲ, ಉಕ್ಕಿನದು. ರಿವೆಟ್ ಇದ್ದರೆ ಬಿರುಕು ಒಂದು ಹಲಗೆಗೇ ನಿಲ್ಲುತ್ತದೆ, ವೆಲ್ಡ್ ಮಾಡಿದರೆ ಇಡೀ ಹಡಗೇ ಒಂದು ಹಲಗೆ ಇದ್ದಂತೆ. ನಿಲ್ಲುವ ಜಾಗವೇ ಇಲ್ಲ.

ಆದರೆ ಏಪ್ರಿಲ್ ತಿಂಗಳ ಬೊಂಬಾಯಿಯಲ್ಲಿ ಚಳಿಗೆ ಉಕ್ಕು ಒಡೆಯುವುದಾ ಮಾರಾಯ್ರೇ!

ಕಾಪು ಕಡೆಯವ:
ಹಾಗಾದರೆ ಅಮೆರಿಕದ ಹಡಗು ಅಂತ ನಮ್ಮ ಮನೆಯಲ್ಲಿ ಯಾಕೆ ಹೇಳುತ್ತಿದ್ದರು?

ಇತಿಹಾಸ ಮೇಷ್ಟ್ರು:
ಪೂರ್ತಿ ತಪ್ಪಲ್ಲ ಅದು. ಲೆಂಡ್-ಲೀಸ್ ಒಪ್ಪಂದದ ಹಡಗು, ಅಂದರೆ ಯುದ್ಧಕಾಲದಲ್ಲಿ ಅಮೆರಿಕ ಮಿತ್ರದೇಶಗಳಿಗೆ ಕಡ ಕೊಟ್ಟದ್ದು. ಕಟ್ಟಿದ್ದು ಕೆನಡಾ, ದುಡ್ಡು ಅಮೆರಿಕದ್ದು, ಓಡಿಸಿದ್ದು ಬ್ರಿಟನ್. ಬ್ರಿಟನ್ ಸರ್ಕಾರ ಇದನ್ನು ನೋಡಿಕೊಳ್ಳಲು ಪೋರ್ಟ್ ಲೈನ್ ಎಂಬ ಕಂಪನಿಗೆ ವಹಿಸಿತ್ತು. ಒಂದೇ ಹಡಗಿಗೆ ಮೂರು ಮನೆ.

ಕುಂದಾಪ್ರ ಕನ್ನಡಿಗ:
ಮೂರು ಮನೆಯ ನೆಂಟ ಉಪವಾಸ ಅಂತಾರೆ. ಇದು ಹೊಟ್ಟೆ ಬಿರಿಯ ತಿಂದು ಸತ್ತಿತು.

ಮಾಟುಂಗಾ ಮಾಮಿ:
ನಾನು ಹುಟ್ಟಿ ಬೆಳೆದದ್ದು ಮುಂಬಯಿ. ನಮ್ಮ ಅಮ್ಮನಿಗೆ ಆಗ ಒಂಬತ್ತು ವರ್ಷ. ಮಾಟುಂಗಾದಲ್ಲಿ ಮಧ್ಯಾಹ್ನದ ಕಾಫಿ ಹೊತ್ತು. ಕಪಾಟಿನ ಪಾತ್ರೆ ಎಲ್ಲ ದಡಬಡ ಅಂತ ಬಿದ್ದವಂತೆ, ಭೂಕಂಪ ಅಂತ ಎಲ್ಲರೂ ಬೀದಿಗೆ ಓಡಿದರಂತೆ. ಅರ್ಧ ಗಂಟೆ ಬಿಟ್ಟು ಒಳಗೆ ಹೋಗೋಣ ಅನ್ನುವಷ್ಟರಲ್ಲಿ ಇನ್ನೊಂದು. ದಕ್ಷಿಣಕ್ಕೆ ನೋಡಿದರೆ ಆಕಾಶ ಕಪ್ಪು. ಅಜ್ಜ ಮುಂಬಯಿಯ ಫೋರ್ಟ್ ಬಡಾವಣೆ ಕಡೆ ಕೆಲಸದಲ್ಲಿದ್ದರು, ರಾತ್ರಿ ಹನ್ನೊಂದಕ್ಕೆ ನಡೆದುಕೊಂಡೇ ಮನೆಗೆ ಬಂದರಂತೆ. ಅಂಗಿ ತುಂಬ ಮಸಿ. ಅಮ್ಮ ಯಾವಾಗಲೂ ಹೇಳುತ್ತಿದ್ದದ್ದು ಒಂದೇ ಮಾತು, ಅವತ್ತು ಅಜ್ಜ ಕಾಫಿ ಕೇಳಲಿಲ್ಲ, ಬರೀ ನೀರು ಕೇಳಿದರು ಅಂತ.

ಇತಿಹಾಸ ಮೇಷ್ಟ್ರು:
ಮಾಮಿಯವರ ಅಮ್ಮನ ಲೆಕ್ಕ ಸರಿಯಾಗಿದೆ. ಮೊದಲನೆಯದು ಸಂಜೆ 4 ಗಂಟೆ 6 ನಿಮಿಷಕ್ಕೆ. ಎರಡನೆಯದು 4:34ರ ಸುಮಾರಿಗೆ. ಕೊಲಾಬಾ ವೀಕ್ಷಣಾಲಯದ ಭೂಕಂಪ ಮಾಪಕದಲ್ಲಿ ಎರಡೂ ದಾಖಲಾಗಿವೆ. ಸುಮಾರು 1,400 ಕಿಲೋಮೀಟರ್ ದೂರದ ಶಿಮ್ಲಾದ ಯಂತ್ರವೂ ಅಲುಗಿತು. 12 ಕಿಲೋಮೀಟರ್ ಆಚೆಗೂ ಕಿಟಕಿ ಗಾಜು ಒಡೆದವು.

ಇನ್ನು ಹಡಗಿನ ಪ್ರಯಾಣದ ವಿಷಯ. ಫೆಬ್ರವರಿ 24ಕ್ಕೆ ಲಿವರ್‌ಪೂಲ್ ಎದುರಿನ ಬರ್ಕನ್‌ಹೆಡ್‌ನಿಂದ ಹೊರಟಿತು. ಜಿಬ್ರಾಲ್ಟರ್, ಪೋರ್ಟ್ ಸೈಯದ್, ಕರಾಚಿ. ಹೊಟ್ಟೆಯಲ್ಲಿ 1,395 ಟನ್ ಸಿಡಿಮದ್ದು: ಶೆಲ್ಲು, ಟಾರ್ಪಿಡೊ, ಮೈನು. ಅದರಲ್ಲಿ 238 ಟನ್ ಬಲು ಸೂಕ್ಷ್ಮವಾದ ‘ಎ’ ದರ್ಜೆಯದ್ದು. ಜೊತೆಗೆ ಬಿಡಿಸಿಟ್ಟ ಸ್ಪಿಟ್‌ಫೈರ್ ವಿಮಾನಗಳು. 31 ಪೆಟ್ಟಿಗೆ ಚಿನ್ನದ ಗಟ್ಟಿ, ಆಗಿನ ಬೆಲೆ ಸುಮಾರು 8,90,000 ಪೌಂಡ್. ವಿಮಾನಗಳನ್ನು ಕರಾಚಿಯಲ್ಲಿ ಇಳಿಸಿದರು. ಜಾಗ ಖಾಲಿಯಾಯಿತಲ್ಲ, ಅಲ್ಲೇ ಹತ್ತಿ ಬೇಲುಗಳನ್ನು, ಎಣ್ಣೆ ಪೀಪಾಯಿಗಳನ್ನು, ಮರ, ಗುಜರಿ ಕಬ್ಬಿಣ, ಮೀನುಗೊಬ್ಬರವನ್ನು ತುಂಬಿದರು.

ಸಿರ್ಸಿ ಸೀಮೆ:
ಒಂದು ನಿಮಿಷ. ಸಿಡಿಮದ್ದಿನ ಜೊತೆ ಹತ್ತಿ ಮತ್ತು ಎಣ್ಣೆ? ಇದು ಹಡಗಾ ಅಥವಾ ಹಣತೆಯಾ?

ಇತಿಹಾಸ ಮೇಷ್ಟ್ರು:
ಕ್ಯಾಪ್ಟನ್ ಅಲೆಕ್ಸಾಂಡರ್ ನೈಸ್ಮಿತ್‌ಗೂ ಇದು ಇಷ್ಟವಿರಲಿಲ್ಲ. ಆದರೆ ಯುದ್ಧಕಾಲ. ಹಡಗುಗಳು ಸಾಲದು, ಒಂದು ಅಡಿ ಜಾಗವೂ ಖಾಲಿ ಹೋಗಬಾರದು ಅಂತ ಮೇಲಿನವರ ಕಟ್ಟಪ್ಪಣೆ.

ಎಂಜಿನ್ ರೂಮ್ ಭಟ್ರು:
ನಾನು 22 ವರ್ಷ ಹಡಗಿನಲ್ಲಿದ್ದವನು, ಹತ್ತಿಯ ಬಗ್ಗೆ ಒಂದು ಮಾತು ಹೇಳುತ್ತೇನೆ. ಬೇಲಿನಲ್ಲಿ ಬೆಂಕಿ ಹತ್ತಿದರೆ ಜ್ವಾಲೆ ಕಾಣುವುದಿಲ್ಲ. ಒಳಗೊಳಗೇ ಕೆಂಡವಾಗುತ್ತಾ ಹೋಗುತ್ತದೆ, ನಮ್ಮ ಕಡೆ ಉಮಿಗೆ ಬೆಂಕಿ ಹಿಡಿದ ಹಾಗೆ. ಮೇಲೆ ನೀರು ಹೊಯ್ದರೆ ಹೊರಮೈ ಒದ್ದೆ, ಒಳಗೆ ಕೆಂಡ. ದಿನಗಟ್ಟಲೆ ಹೀಗೇ ಇರಬಲ್ಲದು.

ಎರಡನೇ ನಂಬರಿನ ಹೋಲ್ಡಿನಲ್ಲಿ, ಅಂದರೆ ಸರಕು ತುಂಬುವ ಕೋಣೆಯಲ್ಲಿ, ಕೆಳಗೆ ಹತ್ತಿ, ಅದರ ಮೇಲಿನ ಅಂಕಣದಲ್ಲಿ ಸಿಡಿಮದ್ದು. ಅಗ್ನಿಶಾಮಕದವರು 900 ಟನ್‌ಗಿಂತ ಜಾಸ್ತಿ ನೀರು ಸುರಿದರು. ಈಗ ಯೋಚಿಸಿ. ಹತ್ತಿ ತೇಲುತ್ತದೆ. ನೀರು ಏರಿದ ಹಾಗೆ ಉರಿಯುವ ಬೇಲುಗಳೂ ಏರಿದವು. ಆರಿಸಲು ಹಾಕಿದ ನೀರೇ ಬೆಂಕಿಯನ್ನು ಎತ್ತಿ ಎತ್ತಿ ಮದ್ದಿನ ಬುಡಕ್ಕೆ ತಂದು ಇಟ್ಟಿತು.

ನಾನು ಇದನ್ನು ಮೊದಲು ಕೇಳಿದ್ದು ಟ್ರೇನಿಂಗಿನಲ್ಲಿ. ಆ ದಿನ ಕ್ಲಾಸಿನಲ್ಲಿ ಯಾರೂ ಮಾತಾಡಲಿಲ್ಲ.

ಕಾಪು ಕಡೆಯವ:
ಓದಿ ಮೈ ಜುಂ ಅಂದಿತು. ಹೊಗೆ ಕಂಡಿದ್ದು ಯಾವಾಗ? ಓಡಲು ಜನರಿಗೆ ಟೈಮ್ ಇರಲಿಲ್ಲವಾ?

ಇತಿಹಾಸ ಮೇಷ್ಟ್ರು:
ಎರಡು ಗಂಟೆ ಇತ್ತು! ಅದೇ ಹೊಟ್ಟೆ ಉರಿಸುವ ಸಂಗತಿ. 12ಕ್ಕೆ ಹಡಗು ಬಂತು. 14ನೇ ತಾರೀಕು ಮಧ್ಯಾಹ್ನ ಸುಮಾರು 2 ಗಂಟೆಗೆ ಹೊಗೆ ಗೊತ್ತಾಯಿತು. 3:50ಕ್ಕೆ ಹಡಗು ಬಿಡಿ ಅಂತ ಆದೇಶ. ಆಗ ಸುತ್ತಲಿನ ನೀರೇ ಕುದಿಯುತ್ತಿತ್ತು. ಹದಿನಾರು ನಿಮಿಷಕ್ಕೆ ಸಿಡಿಯಿತು.

ಆ ಎರಡು ಗಂಟೆಯಲ್ಲಿ ಸುತ್ತಲಿನವರಿಗೆ ಯಾರೂ ಹೇಳಲಿಲ್ಲ. ಸಿಡಿಮದ್ದು ಹೊತ್ತ ಹಡಗು ಕೆಂಪು ಬಾವುಟ ಹಾರಿಸಬೇಕು. ಇದು ಹಾರಿಸಿರಲಿಲ್ಲ. ಶತ್ರುವಿಗೆ ಗುರಿ ತೋರಿಸಿದಂತೆ ಆಗುತ್ತದೆ ಅಂತ ಯುದ್ಧದಲ್ಲಿ ಆ ಪದ್ಧತಿ ಬಿಟ್ಟಿದ್ದರು. ಪಕ್ಕದ ಹಡಗುಗಳ ಜನ ಕಟಕಟೆಗೆ ಒರಗಿ ನಿಂತು ಬೆಂಕಿ ನೋಡುತ್ತಿದ್ದರು. ದಕ್ಕೆಯ ಕೂಲಿಗಳೂ ಅಷ್ಟೇ.

ಬಳ್ಳಾರಿ ಬಿಸಿಲು:
ಎಲ್ಲಾ ಓದಿದೆ. ಆದರೂ ಇದು ಜಪಾನಿನ ಕೈವಾಡ ಅಲ್ಲ ಅಂತ ಹೇಗೆ ಹೇಳುತ್ತೀರಿ? ಆ ತಿಂಗಳೇ ಜಪಾನಿನ ಸೇನೆ ಇಂಫಾಲ, ಕೊಹಿಮಾ ಬಾಗಿಲಲ್ಲಿತ್ತು. ಸರಿಯಾಗಿ ಆಗಲೇ ಬೊಂಬಾಯಿ ದಕ್ಕೆ ಸಿಡಿಯುವುದು ಸುಮ್ನೆ ಕಾಕತಾಳೀಯವಾ?

ಇತಿಹಾಸ ಮೇಷ್ಟ್ರು:
ಆಗಲೂ ಜನ ಹಾಗೇ ಅಂದುಕೊಂಡರು. ಅದಕ್ಕೆ ಸರ್ಕಾರವೇ ಕಾರಣ. ಸುದ್ದಿಯನ್ನು ಅದುಮಿಟ್ಟರು. ಮರುದಿನವೇ, 15ಕ್ಕೆ, ಜಪಾನಿನ ಹಿಡಿತದಲ್ಲಿದ್ದ ಸೈಗಾನ್ ರೇಡಿಯೊ ಇಡೀ ಕತೆ ಹೇಳಿತು. ಇಲ್ಲಿನ ಪತ್ರಿಕೆಗಳಿಗೆ ಬರೆಯಲು ಬಿಟ್ಟದ್ದು ಮೇ ಎರಡನೇ ವಾರದಲ್ಲಿ. ನಮ್ಮ ಊರಿನ ಸುದ್ದಿಯನ್ನು ಶತ್ರುವಿನ ರೇಡಿಯೊದಲ್ಲಿ ಮೊದಲು ಕೇಳಿದರೆ ಜನ ಏನು ತಿಳಿಯಬೇಕು? ಸುಧೀಶ್ ಘಟಕ್ ಎಂಬ ಛಾಯಾಗ್ರಾಹಕ ತೆಗೆದ ಚಲನಚಿತ್ರದ ರೀಲನ್ನೂ ಮಿಲಿಟರಿ ಕಿತ್ತುಕೊಂಡಿತು.

ಆಮೇಲೆ ವಿಚಾರಣಾ ಆಯೋಗ ಕೂತಿತು. ವಿಧ್ವಂಸಕ ಕೃತ್ಯ ಅನ್ನುವುದಕ್ಕೆ ಏನೂ ಸಿಗಲಿಲ್ಲ. ಹೋಲ್ಡಿನಲ್ಲಿ ಯಾರೋ ಸೇದಿದ ಸಿಗರೇಟಿನಿಂದ ಹತ್ತಿಗೆ ಕಿಡಿ ತಾಗಿರಬಹುದು ಅಂತ ತೀರ್ಮಾನ.

ದುಡಿಯುವ ಕೈ:
ಬಂತು ನೋಡಿ! ಕೂಲಿಯವನ ಬೀಡಿ. ಎಲ್ಲಾ ಅವಘಡಕ್ಕೂ ಕೊನೆಗೆ ಸಿಗುವುದು ಹೊಟ್ಟೆಪಾಡಿನ ಮನುಷ್ಯನೇ. ಮದ್ದಿನ ಕೆಳಗೆ ಹತ್ತಿ ಇಡಿಸಿದವನಿಗೆ ಏನಾಯಿತು? ಎಲ್ಲೋ ಪೆನ್ಶನ್ ತಗೊಂಡು ಗುಲಾಬಿ ಬೆಳೆಸಿರುತ್ತಾನೆ.

ಇತಿಹಾಸ ಮೇಷ್ಟ್ರು:
ಸ್ವಲ್ಪ ತಡೆಯಿರಿ. ಆಯೋಗ ಬೀಡಿಗೆ ನಿಲ್ಲಿಸಲಿಲ್ಲ. ಹತ್ತಿಯನ್ನೂ ಮದ್ದನ್ನೂ ಒಂದೇ ಹೋಲ್ಡಿನಲ್ಲಿ ತುಂಬಿದ್ದು ತಪ್ಪು ಅಂತಲೂ ಹೇಳಿತು. ಇಂಥ ಸರಕನ್ನು ದಕ್ಕೆಯ ಹೊರಗೆ ಲಂಗರು ಹಾಕಿ ದೋಣಿಗಳಿಗೆ ಇಳಿಸುವುದು ಹಿಂದಿನ ರೂಢಿ, ಯುದ್ಧದ ಅವಸರಕ್ಕೆ ಅದನ್ನು ಸಡಿಲಿಸಿ ನೇರ ಒಳಗೆ ಬಿಟ್ಟಿದ್ದರು.

ದುಡಿಯುವ ಕೈ:
ಹೇಳಿತು, ಸರಿ. ಆದರೆ ಎಂಬತ್ತು ವರ್ಷ ಆದ ಮೇಲೂ ಜನರ ಬಾಯಲ್ಲಿ ಉಳಿದದ್ದು ಯಾವುದು? ಬೀಡಿ.

ಎಂಜಿನ್ ರೂಮ್ ಭಟ್ರು:
ಇದರಲ್ಲಿ ನಾನು ‘ದುಡಿಯುವ ಕೈ’ ಅವರ ಪಕ್ಷ. ಹಡಗಿನಲ್ಲಿ ಯಾರಾದರೂ ಒಬ್ಬರು ಸೇದೇ ಸೇದುತ್ತಾರೆ. ಸೇದಿದರೂ ಊರು ಹಾರದಂತೆ ಸರಕು ಜೋಡಿಸುವುದೇ ಕೆಲಸ. ಈಗ ಅಪಾಯದ ಸರಕಿಗೆ ಅಂತಾರಾಷ್ಟ್ರೀಯ ನಿಯಮ ಇದೆ, ಯಾವುದರ ಪಕ್ಕ ಯಾವುದು ಇರಬಾರದು ಅಂತ ದೊಡ್ಡ ಪಟ್ಟಿಯೇ ಇದೆ. ನಮ್ಮ ಚೀಫ್ ಆಫೀಸರ್ ಒಬ್ಬರು ಅದನ್ನು ಜಾತಕ ಕೂಡಿಸುವುದು ಅನ್ನುತ್ತಿದ್ದರು.

ನನ್ನ ಪ್ರಕಾರ ದೊಡ್ಡ ತಪ್ಪು ಆ ಎರಡು ಗಂಟೆಯದು. ದಕ್ಕೆಯಲ್ಲಿ ಕ್ಯಾಪ್ಟನ್ ಇದ್ದ, ಬಂದರಿನ ಅಧಿಕಾರಿ ಇದ್ದ, ಅಗ್ನಿಶಾಮಕದ ಮುಖ್ಯಸ್ಥ ಇದ್ದ, ಮಿಲಿಟರಿಯವರಿದ್ದರು. ಹಡಗನ್ನು ಹೊರಗೆ ಎಳೆಯೋಣವಾ, ಅಲ್ಲೇ ಮುಳುಗಿಸೋಣವಾ, ನೀರು ಹೊಡೆಯುತ್ತಲೇ ಇರೋಣವಾ? ಎಲ್ಲರಿಗೂ ಅಭಿಪ್ರಾಯ ಇತ್ತು. ‘ನಾನು ಹೇಳುತ್ತೇನೆ, ಮಾಡಿ’ ಅನ್ನುವ ಅಧಿಕಾರ ಒಬ್ಬನಿಗೂ ಇರಲಿಲ್ಲ.

ಕುಂದಾಪ್ರ ಕನ್ನಡಿಗ:
ನಮ್ಮ ಅಪಾರ್ಟ್‌ಮೆಂಟಿನ ಸಂಪ್ ತುಂಬಿ ಹರಿದಾಗಲೂ ಇದೇ ಆಯಿತು. ಕಮಿಟಿಯ ಏಳು ಜನ ನಿಂತು ನೋಡಿದರು.

ತರ್ಲೆ ತಿಮ್ಮಪ್ಪ:
ಚಿನ್ನದ ವಿಷಯಕ್ಕೆ ಬನ್ನಿ ಸ್ವಾಮಿ. 31 ಪೆಟ್ಟಿಗೆ ಏನಾಯಿತು? ಇವತ್ತಿನ ರೇಟಿಗೆ ಲೆಕ್ಕ ಹಾಕಿ ನಿದ್ದೆ ಬರುತ್ತಿಲ್ಲ.

ಇತಿಹಾಸ ಮೇಷ್ಟ್ರು:
ರೂಪಾಯಿಯ ಬೆಲೆ ಕುಸಿಯದಂತೆ ಹಿಡಿಯಲು ತಂದ ಚಿನ್ನ ಅದು. ಒಂದು ಗಟ್ಟಿ ಹಾರಿಹೋಗಿ ದೂರದ ಒಬ್ಬ ಪಾರ್ಸಿ ಯಜಮಾನರ ಮನೆಯ ಚಾವಣಿ ತೂತು ಮಾಡಿ ಒಳಗೆ ಬಿತ್ತು. ಅವರು ಅದನ್ನು ಸರ್ಕಾರಕ್ಕೆ ಒಪ್ಪಿಸಿದರು. ಉಳಿದದ್ದರಲ್ಲಿ ಹೆಚ್ಚಿನದು ನೀರಿನಡಿ ಕೆಸರಿನಲ್ಲಿ ಸಿಕ್ಕಿತು. 1970ರ ದಶಕದವರೆಗೂ ಹೂಳು ತೆಗೆಯುವಾಗ ಗಟ್ಟಿಗಳು ಸಿಗುತ್ತಿದ್ದವು. 2011ರಲ್ಲಿ ಸಿಕ್ಕಿದ್ದು ಚಿನ್ನ ಅಲ್ಲ, ಸಿಡಿಯದೆ ಉಳಿದಿದ್ದ 45 ಕಿಲೋ ಶೆಲ್ಲು.

ತರ್ಲೆ ತಿಮ್ಮಪ್ಪ:
ಹಾಗಾದರೆ ನನಗೆ ಬೇಡ.

ಮಾಟುಂಗಾ ಮಾಮಿ:
ಚಿನ್ನದ ಮಳೆ ಅಂತ ನಗುತ್ತಾರೆ. ನಿಜವಾಗಿ ಸುರಿದದ್ದು ಉರಿಯುವ ಹತ್ತಿ. ಎಣ್ಣೆಯಲ್ಲಿ ನೆನೆದ ಹತ್ತಿಯ ಉಂಡೆಗಳು ಬೆಂಕಿ ಹೊತ್ತು ಮಾಂಡ್ವಿ, ಮಸ್ಜಿದ್ ಬಂದರ್ ಮೇಲೆಲ್ಲ ಬಿದ್ದವು. ಮರದ ಮನೆಗಳು, ಗೋಡೌನುಗಳು, ಇಕ್ಕಟ್ಟು ಗಲ್ಲಿಗಳು. ಕಾಪು ಕಡೆಯವರೇ, ನಿಮ್ಮ ದೊಡ್ಡಜ್ಜ ಕೆಲಸಕ್ಕಿದ್ದ ಜಾಗ ದಕ್ಕೆಯ ಬೆನ್ನಿಗೇ ಇದೆ. ಬದುಕಿ ಬಂದದ್ದೇ ಪುಣ್ಯ.

ಇತಿಹಾಸ ಮೇಷ್ಟ್ರು:
ಸುಮಾರು ಎರಡು ಚದರ ಕಿಲೋಮೀಟರ್ ಸುಟ್ಟುಹೋಯಿತು. ಸತ್ತವರ ಲೆಕ್ಕದಲ್ಲಿ ಜಗಳ ಇದೆ. ಏಳುನೂರು ಅಂತಾರೆ, ಸಾವಿರದ ಮುನ್ನೂರರವರೆಗೂ ಹೇಳುತ್ತಾರೆ. ದಕ್ಕೆಯಲ್ಲಿ ದಿನಗೂಲಿಗೆ ಬಂದವರ ಹೆಸರು ಬರೆದಿಟ್ಟವರು ಯಾರು? ಅಗ್ನಿಶಾಮಕದವರ ಲೆಕ್ಕ ಮಾತ್ರ ಖಚಿತ, 66 ಜನ.

ಬಂದರು ಬಾಬಣ್ಣ:
ಅಗ್ನಿಶಾಮಕ ಸಪ್ತಾಹ ಏಪ್ರಿಲ್ 14ಕ್ಕೇ ಶುರುವಾಗುವುದು ಇದಕ್ಕಾ? ನಮ್ಮ ಸ್ಟೇಷನ್ನಿನವರು ಪ್ರತಿ ವರ್ಷ ಶಾಲೆಗೆ ಬಂದು ನೊರೆ ಹಾರಿಸಿ ತೋರಿಸುತ್ತಿದ್ದರು. ನಾವು ಕ್ಲಾಸ್ ತಪ್ಪಿತು ಅಂತ ಖುಷಿಪಡುತ್ತಿದ್ದೆವು. ಯಾಕೆ ಆ ತಾರೀಕು ಅಂತ ಇವತ್ತೇ ಗೊತ್ತಾಗಿದ್ದು.

ಇತಿಹಾಸ ಮೇಷ್ಟ್ರು:
ಅದಕ್ಕೇ. ದೇಶವಿಡೀ ಅದೇ ದಿನ.

ಸಿರ್ಸಿ ಸೀಮೆ:
ಟೈಟಾನಿಕ್ ಹಿಮಗಡ್ಡೆಗೆ ಗುದ್ದಿದ್ದೂ ಏಪ್ರಿಲ್ 14. ಹಡಗಿನವರು ಆ ದಿನ ರಜೆ ಹಾಕುವುದು ಒಳ್ಳೆಯದು.

ಎಂಜಿನ್ ರೂಮ್ ಭಟ್ರು:
ನಿಮ್ಮ ಲೆಕ್ಕಕ್ಕೆ ಇನ್ನೊಂದು ಸೇರಿಸಿ. 1947ರ ಏಪ್ರಿಲ್ 16, ಟೆಕ್ಸಸ್ ಸಿಟಿ. ಗ್ರಾಂಕಾಂಪ್ ಎಂಬ ಹಡಗು. ಅದು ನಿಜವಾದ ಲಿಬರ್ಟಿ, ಬಾಬಣ್ಣನ ಸಮಾಧಾನಕ್ಕೆ. ಅಮೋನಿಯಂ ನೈಟ್ರೇಟ್ ಗೊಬ್ಬರ ಹೊತ್ತಿತ್ತು. ಹೊಗೆ ಕಂಡು ಜನ ನೋಡಲು ಸೇರಿದರು, ಸಿಡಿಯಿತು, 581 ಜನ ಸತ್ತರು. ಮೂರು ವರ್ಷದ ಹಿಂದಿನ ಬೊಂಬಾಯಿ ಅಲ್ಲಿ ಯಾರಿಗೂ ನೆನಪಿರಲಿಲ್ಲ. 2020ರಲ್ಲಿ ಬೈರೂತಿನಲ್ಲೂ ಅದೇ ಗೊಬ್ಬರ, 2,750 ಟನ್.

ಕಾಪು ಕಡೆಯವ:
ಬೇರೆ ಹಡಗುಗಳು ಏನಾದವು?

ಎಂಜಿನ್ ರೂಮ್ ಭಟ್ರು:
ಫೋರ್ಟ್ ಸ್ಟಿಕೀನ್ ಎರಡು ತುಂಡು. ಎರಡನೇ ಸ್ಫೋಟದಲ್ಲಿ ಉಳಿದದ್ದೂ ಹೋಯಿತು. ಹನ್ನೊಂದು ಹಡಗು ಅಲ್ಲೇ ಮುಳುಗಿದವು ಅಥವಾ ಮುಳುಗುತ್ತಿದ್ದವು. ಸಿಂಧಿಯಾ ಕಂಪನಿಯ ಜಲಪದ್ಮ ಅನ್ನುವ ಹಡಗಿನ ಹಿಂಭಾಗ ನೀರಿನಿಂದ ಎದ್ದು ದಕ್ಕೆಯ ಮೇಲಿನ ಶೆಡ್ಡಿಗೆ ಬಂದು ಕೂತಿತು. ಆ ಫೋಟೋ ನೋಡಿದರೆ ಮಗು ಆಟದ ದೋಣಿ ಎಸೆದಂತೆ ಕಾಣುತ್ತದೆ. ಕ್ಯಾಪ್ಟನ್ ನೈಸ್ಮಿತ್ ಬದುಕಲಿಲ್ಲ. ಎಲ್ಲರೂ ಇಳಿದರಾ ಅಂತ ನೋಡಲು ಮತ್ತೆ ಹಡಗು ಹತ್ತಿದ್ದವನು.

ಸಿಡಿಯದೆ ಉಳಿದ ಒಂದರ ಕತೆಯೂ ಇದೆ. ಅದೇ 1944ರ ಆಗಸ್ಟಿನಲ್ಲಿ ಥೇಮ್ಸ್ ನದಿಯ ಬಾಯಿಯಲ್ಲಿ ರಿಚರ್ಡ್ ಮಾಂಟ್ಗೊಮರಿ ಎಂಬ ಲಿಬರ್ಟಿ ಮರಳಿಗೆ ಹತ್ತಿ ಮುರಿಯಿತು. ಸುಮಾರು 1,400 ಟನ್ ಸಿಡಿಮದ್ದು ಇನ್ನೂ ಅದರಲ್ಲೇ ಇದೆ. ಬೊಂಬಾಯಿಯಲ್ಲಿ ಹೋದದ್ದೂ ಹೆಚ್ಚುಕಡಿಮೆ ಅಷ್ಟೇ ತೂಕ. ಇಳಿತ ಇರಲಿ ಭರತ ಇರಲಿ, ಕೂವೆ ಮರಗಳು ನೀರಿನ ಮೇಲೆ ಕಾಣುತ್ತಿದ್ದವು. ನಾವು ಆ ದಾರಿಯಲ್ಲಿ ಹೋಗುವಾಗ ಪೈಲಟ್ ಕೈ ತೋರಿಸಿ ಸುಮ್ಮನಾಗುತ್ತಿದ್ದ.

ದುಡಿಯುವ ಕೈ:
ದಕ್ಕೆ ಮತ್ತೆ ಕಟ್ಟಿದವರ ಬಗ್ಗೆ ಯಾರೂ ಹೇಳಲಿಲ್ಲ. ಬೆಂಕಿ ಹತೋಟಿಗೆ ಬರಲು ಮೂರು ದಿನ. ಆಮೇಲೆ 8,000 ಜನ ಏಳು ತಿಂಗಳು ದುಡಿದು ಸುಮಾರು 5 ಲಕ್ಷ ಟನ್ ಅವಶೇಷ ಹೊತ್ತು ಹಾಕಿದರು. ಆ ದಕ್ಕೆಯ ಕೂಲಿಗಳಿಗೆ ಆಮೇಲೆ ಸಂಘ ಕಟ್ಟಿದ ಮುಖಂಡರಲ್ಲಿ ದೊಡ್ಡ ಹೆಸರು ಪ್ಲಾಸಿಡ್ ಡಿಮೆಲ್ಲೊ, ನಮ್ಮ ಮಂಗಳೂರು ಕಡೆಯವರೇ. ಜಾರ್ಜ್ ಫರ್ನಾಂಡಿಸ್ ಮಂಗಳೂರು ಬಿಟ್ಟು ಬೊಂಬಾಯಿಗೆ ಹೋದಾಗ ಕೆಲಸ ಕಲಿತದ್ದು ಅವರ ಹತ್ತಿರ. ದಕ್ಕೆಯ ಪಕ್ಕದ ಫ್ರೇರ್ ರಸ್ತೆಗೆ ಈಗ ಪಿ. ಡಿಮೆಲ್ಲೊ ರಸ್ತೆ ಅಂತಲೇ ಹೆಸರು.

ಮಾಟುಂಗಾ ಮಾಮಿ:
ಅಯ್ಯೋ ಹೌದಾ! ನಲವತ್ತು ವರ್ಷ ಆ ರಸ್ತೆಯಲ್ಲಿ ಬಸ್ಸಿನಲ್ಲಿ ಓಡಾಡಿದ್ದೇನೆ. ಗೋವಾದವರು ಯಾರೋ ಅಂದುಕೊಂಡಿದ್ದೆ.

ಬಳ್ಳಾರಿ ಬಿಸಿಲು:
ಸರಿ, ಜಪಾನ್ ವಾದ ಬಿಟ್ಟೆ. ಆದರೆ ಅಕ್ಕಿ ವಿಷಯ? ಆ ಗೋಡೌನುಗಳಲ್ಲಿ ಧಾನ್ಯ ಇತ್ತಂತೆ.

ಇತಿಹಾಸ ಮೇಷ್ಟ್ರು:
50,000 ಟನ್‌ಗಿಂತ ಜಾಸ್ತಿ ಧಾನ್ಯ ಹೋಯಿತು. ಬಂಗಾಳದ ಬರಗಾಲ ಹಿಂದಿನ ವರ್ಷವಷ್ಟೇ ಆಗಿತ್ತು. ಬೊಂಬಾಯಿಯಲ್ಲಿ ಆಗಲೇ ರೇಶನ್ ನಡೆಯುತ್ತಿತ್ತು. ವ್ಯಾಪಾರಿಗಳದ್ದು ಇನ್ನೊಂದು ಗೋಳು. ಬೆಂಕಿ ವಿಮೆ ಇತ್ತು, ಆದರೆ ಇದು ಬೆಂಕಿಯಾ ಸ್ಫೋಟವಾ ಯುದ್ಧವಾ ಅಂತ ವಾದ. ಕೊನೆಗೆ ಪರಿಹಾರಕ್ಕೆ ಅಂತಲೇ 1944ರಲ್ಲಿ ಸರ್ಕಾರ ಒಂದು ಸುಗ್ರೀವಾಜ್ಞೆ ತರಬೇಕಾಯಿತು.

ಬಂದರು ಬಾಬಣ್ಣ:
ಮತ್ತೆ ಕಾರ್ಡಿನ ಮಸಿ? ಯಾರೂ ಉತ್ತರ ಕೊಡಲಿಲ್ಲ ಪಾಪ.

ಇತಿಹಾಸ ಮೇಷ್ಟ್ರು:
ಓ, ಮರೆತೇಬಿಟ್ಟೆ. ಅದು ದೊಡ್ಡಜ್ಜ ಹೊಡೆದುಹಾಕಿದ್ದಲ್ಲ ಅನ್ನಿಸುತ್ತದೆ. ಯುದ್ಧಕಾಲದಲ್ಲಿ ಟಪಾಲು ಓದಲು ಸೆನ್ಸಾರ್ ಇತ್ತು. ದಕ್ಕೆಯ ವಿಷಯ ಬರೆದಿದ್ದರೆ ಬಿಡುತ್ತಿರಲಿಲ್ಲ. ಅಂಚೆ ಮುದ್ರೆಯ ತಾರೀಕು ಏನಿದೆ? ಎಲ್ಲಾದರೂ ಬೇರೆ ಠಸ್ಸೆ ಒತ್ತಿದೆಯಾ?

ಕಾಪು ಕಡೆಯವ:
ಏಪ್ರಿಲ್ ಅಂತ ಕಾಣುತ್ತದೆ, ದಿನಾಂಕ ಅಳಿಸಿದೆ. ಮೂಲೆಯಲ್ಲಿ ಒಂದು ಗುಂಡಗಿನ ಮುದ್ರೆ ಇದೆ, ಅಕ್ಷರ ಓದಲಾಗುವುದಿಲ್ಲ. ಫೋಟೋ ಹಾಕೋಣ ಅಂದರೆ ಅಪ್ಪ ಬಿಡುತ್ತಿಲ್ಲ. ದೊಡ್ಡಜ್ಜ ಬದುಕಿದ್ದಾಗ ಯಾರಿಗೂ ತೋರಿಸಲಿಲ್ಲ, ಈಗ ಫೋನಿನಲ್ಲಿ ಊರಿಗೆಲ್ಲ ತೋರಿಸುವುದಾ ಅಂತ ಬೈದರು.

ತರ್ಲೆ ತಿಮ್ಮಪ್ಪ:
ಟಾರ್ಚ್ ಹಿಡಿದು ಹಿಂದಿನಿಂದ ನೋಡಿ. ಕೆಲವು ಸಲ ಕಾಣುತ್ತದೆ.

ಕಾಪು ಕಡೆಯವ:
ನೋಡಿದೆ. ಮಸಿ ಬಲು ದಪ್ಪ, ಏನೂ ಕಾಣಲಿಲ್ಲ.

ಆದರೆ ಮೇಷ್ಟ್ರು ಹೇಳಿದ ಮೇಲೆ ಅಪ್ಪನೂ ನಾನೂ ಕೂತು ಉಳಿದ ಸಾಲುಗಳನ್ನು ಸರಿಯಾಗಿ ಓದಿದೆವು. ಮೊದಲ ಸಾಲು, ತೀರ್ಥರೂಪರಿಗೆ ಶಿರಸಾಷ್ಟಾಂಗ ನಮಸ್ಕಾರ, ನಾನು ಕ್ಷೇಮ. ಆಮೇಲೆ ಮೂರು ಸಾಲು ಕಪ್ಪು. ಆಮೇಲೆ, ಹೋಟೆಲು ಸದ್ಯ ಇಲ್ಲ, ಸೇಟರು ಸಂಬಳ ಕೊಟ್ಟಿದ್ದಾರೆ, ಮೊದಲ ಸ್ಟೀಮರಿಗೆ ಬರುತ್ತೇನೆ. ತೀರಾ ಕೆಳಗೆ ವಿಳಾಸದ ಪಕ್ಕ ಸಣ್ಣ ಅಕ್ಷರದಲ್ಲಿ ಅಡ್ಡ ಬರೆದಿದ್ದಾರೆ. ಇಷ್ಟು ದಿನ ನಮ್ಮ ಕಣ್ಣಿಗೇ ಬಿದ್ದಿರಲಿಲ್ಲ, ಮಸಿ ಬಳಿದವನ ಕಣ್ಣಿಗೂ ಬಿದ್ದಿಲ್ಲ. ‘ಎಡಗಿವಿಯಲ್ಲಿ ಹಗಲು ರಾತ್ರಿ ಗುಂಯ್ ಅನ್ನುತ್ತದೆ. ಅಮ್ಮನ ಹತ್ತಿರ ಮದ್ದು ಕೇಳಿ ಇಡಿ.’

ಕುಂದಾಪ್ರ ಕನ್ನಡಿಗ:
ಏನು ಬರೆಯಬೇಕು ಗೊತ್ತಾಗುತ್ತಿಲ್ಲ ಮಾರಾಯ್ರೇ.

ಮಾಟುಂಗಾ ಮಾಮಿ:
ಆಗ ಬೆಳ್ಳುಳ್ಳಿ ಹಾಕಿ ಕಾಯಿಸಿದ ತೆಂಗಿನೆಣ್ಣೆ ಬಿಡುತ್ತಿದ್ದರು ಕಿವಿಗೆ.

ಎಂಜಿನ್ ರೂಮ್ ಭಟ್ರು:
ಪರದೆ ಹರಿದಿದ್ದರೆ ಎಣ್ಣೆ ಬಿಡಬಾರದು ಮಾಮಿ, ಉರಿ ಜಾಸ್ತಿಯಾಗುತ್ತದೆ.

ಕಾಪು ಕಡೆಯವ:
ಬಿಟ್ಟಿದ್ದರಂತೆ. ಅಪ್ಪನಿಗೆ ಆ ವಾಸನೆ ನೆನಪಿದೆ.